ಜವಾಬು ಕೊಡುವ ಯಂತ್ರ, ಜವಾಬ್ದಾರಿ ಹೊರುವ ಮನುಷ್ಯ



ದೇವದೂತರಿಗೆ ನಿಜವಾಗಿ ರೆಕ್ಕೆ ಇದೆಯೇ, ಸತ್ತ ನಾಯಿ ಸ್ವರ್ಗಕ್ಕೆ ಹೋಗುತ್ತದೆಯೇ ಎಂದು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಹಿಂದಿನಿಂದಲೂ ಕೇಳುತ್ತಾರೆ. ಈಗ ಆ ಸಾಲಿಗೆ ಹೊಸ ಪ್ರಶ್ನೆಗಳು ಸೇರಿವೆ. ಫೋನಿನಲ್ಲಿ ಏನು ಕೇಳಿದರೂ ಥಟ್ಟನೆ ಉತ್ತರ ಬರುತ್ತದೆ. ಹಾಗಾದರೆ ಅದರೊಳಗೆ ಬುದ್ಧಿ ಇದೆಯೇ? ಆತ್ಮ ಇದೆಯೇ? ಅದು ತಪ್ಪು ಹೇಳಿದರೆ ಪಾಪ ಯಾರಿಗೆ?

ಈ ಮೂರರಲ್ಲಿ ಕೊನೆಯದೇ ಎಲ್ಲಕ್ಕಿಂತ ಮುಖ್ಯ ಎಂದು ನನಗೆ ಅನ್ನಿಸುತ್ತದೆ. ಅದಕ್ಕೆ ಉತ್ತರ ಹುಡುಕಬೇಕಾದರೆ ಈ ಯಂತ್ರ ಎಲ್ಲಿಂದ ಬಂತು, ಹೇಗೆ ಬೆಳೆಯಿತು ಎಂಬ ಕಥೆ ಸ್ವಲ್ಪ ಗೊತ್ತಿರಬೇಕು.

ಗಣಕ ಎಂದರೆ ಮೊದಲು ಮನುಷ್ಯ

ಕಂಪ್ಯೂಟರನ್ನು ಕನ್ನಡದಲ್ಲಿ ಗಣಕ ಎನ್ನುತ್ತೇವೆ. ಈ ಪದ ತುಂಬ ಹಳೆಯದು. ಯಂತ್ರ ಹುಟ್ಟುವುದಕ್ಕೆ ಎಷ್ಟೋ ಮೊದಲು ಲೆಕ್ಕ ಹಾಕುವ ಮನುಷ್ಯನಿಗೆ ಆ ಹೆಸರಿತ್ತು. ಇಂಗ್ಲಿಷಿನಲ್ಲಿಯೂ ಹಾಗೆಯೇ. ನಕ್ಷತ್ರಗಳ ಚಲನೆಯನ್ನು, ಹಡಗುಗಳಿಗೆ ಬೇಕಾದ ಕೋಷ್ಟಕಗಳನ್ನು ದಿನವಿಡೀ ಕುಳಿತು ಲೆಕ್ಕ ಹಾಕುತ್ತಿದ್ದವರನ್ನು ಕಂಪ್ಯೂಟರ್ ಎಂದು ಕರೆಯುತ್ತಿದ್ದರು.

ಮನುಷ್ಯ ಎಣಿಸುವುದಕ್ಕೆ ಯಾವಾಗಲೂ ಏನಾದರೊಂದು ಸಹಾಯ ಹುಡುಕಿಕೊಂಡಿದ್ದಾನೆ. ಬೆರಳಿನ ಗೆಣ್ಣು, ಹುಣಸೆ ಬೀಜ, ಗೋಡೆಯ ಮೇಲಿನ ಸುಣ್ಣದ ಗೀಟು. ನಮ್ಮ ಕೈಯ ಜಪಸರವೂ ಅಂಥದೇ ಒಂದು ಸಹಾಯ. ಎಷ್ಟು ಜಪವಾಯಿತು ಎಂಬುದನ್ನು ಮಣಿ ನೋಡಿಕೊಳ್ಳುತ್ತದೆ, ಮನಸ್ಸು ಪ್ರಾರ್ಥನೆಯಲ್ಲಿ ನಿಲ್ಲಬಹುದು. ಆದರೆ ಮಣಿ ಪ್ರಾರ್ಥಿಸುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1642ರಲ್ಲಿ ಫ್ರಾನ್ಸ್ ದೇಶದಲ್ಲಿ ಬ್ಲೇಸ್ ಪಾಸ್ಕಲ್ ಎಂಬ ಹತ್ತೊಂಬತ್ತು ವರ್ಷದ ಹುಡುಗ ಹಲ್ಲುಚಕ್ರಗಳ ಒಂದು ಲೆಕ್ಕದ ಪೆಟ್ಟಿಗೆ ಮಾಡಲು ಕೈಹಾಕಿದ. ಅವನ ತಂದೆ ತೆರಿಗೆ ಅಧಿಕಾರಿ. ರಾತ್ರಿ ಹೊತ್ತು ಮೀರುವವರೆಗೂ ಕೂಡಿಸಿ ಕಳೆದು ಸೋಲುತ್ತಿದ್ದ ತಂದೆಗೆ ನೆರವಾಗಲೆಂದೇ ಮಗ ಆ ಯಂತ್ರ ಕಟ್ಟಿದ. ಒಂದು ಚಕ್ರ ಒಂಬತ್ತು ದಾಟಿದರೆ ಪಕ್ಕದ ಚಕ್ರ ತಾನೇ ಒಂದು ಹಲ್ಲು ಮುಂದೆ ಸರಿಯುತ್ತಿತ್ತು. ನೀವು ಶಾಲೆಯಲ್ಲಿ ‘ದಶಕ ಒಂದು’ ಎಂದು ಮೇಲೆ ಬರೆದುಕೊಳ್ಳುತ್ತೀರಲ್ಲ, ಅದೇ. ಇದೇ ಪಾಸ್ಕಲ್ ಮುಂದೆ ಕಥೋಲಿಕ ವಿಶ್ವಾಸದ ದೊಡ್ಡ ಚಿಂತಕರಾದರು. ತನ್ನ ಯಂತ್ರದ ಕೆಲಸ ಪ್ರಾಣಿಗಳು ಮಾಡುವ ಯಾವ ಕೆಲಸಕ್ಕಿಂತಲೂ ಯೋಚನೆಗೆ ಹತ್ತಿರವಾಗಿ ಕಾಣುತ್ತದೆ, ಆದರೂ ಪ್ರಾಣಿಗೆ ಇರುವ ಇಚ್ಛೆ ಅದಕ್ಕಿಲ್ಲ ಎಂಬ ಅರ್ಥದ ಟಿಪ್ಪಣಿಯನ್ನು ಅವರು ಬರೆದಿಟ್ಟರು. ಕಾಲು ಮುರಿದ ಕುರಿಮರಿಗೂ ತಾಯಿಯ ಹತ್ತಿರ ಹೋಗಬೇಕು ಎಂಬ ಆಸೆ ಇರುತ್ತದೆ. ಲೆಕ್ಕದ ಪೆಟ್ಟಿಗೆಗೆ ಸರಿ ಉತ್ತರ ಬರಲಿ ಎಂಬ ಆಸೆಯೂ ಇರುವುದಿಲ್ಲ.

ಮಗ್ಗದಿಂದ ಬಂದ ಬುದ್ಧಿ

ಇದಾಗಿ ಸುಮಾರು ಇನ್ನೂರು ವರ್ಷಗಳ ನಂತರ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಇನ್ನೂ ದೊಡ್ಡದೊಂದು ಯಂತ್ರದ ನಕ್ಷೆ ಬರೆದರು. ಆ ಕಾಲದಲ್ಲಿ ರೇಷ್ಮೆ ನೇಯುವ ಮಗ್ಗಗಳಿಗೆ ತೂತು ಹೊಡೆದ ರಟ್ಟುಗಳನ್ನು ಕಟ್ಟುತ್ತಿದ್ದರು. ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಹೀಗೆ ಸೀರೆಯ ಹೂವು ಬಳ್ಳಿ ಎಲ್ಲವೂ ರಟ್ಟಿನೊಳಗೇ ಬರೆದಿಟ್ಟಂತೆ. ಅದೇ ಉಪಾಯದಿಂದ ಯಂತ್ರಕ್ಕೆ ಲೆಕ್ಕದ ಅಪ್ಪಣೆಗಳನ್ನು ಕೊಡಬಹುದು ಎಂದು ಬ್ಯಾಬೇಜ್ ಕಂಡುಕೊಂಡರು. ಯಂತ್ರ ಪೂರ್ತಿಯಾಗಲಿಲ್ಲ. ಆದರೆ ಅದನ್ನು ಚೆನ್ನಾಗಿ ಅರ್ಥಮಾಡಿಕೊಂಡ ಏಡಾ ಲವ್‌ಲೇಸ್ ಎಂಬ ಹೆಣ್ಣುಮಗಳು 1843ರಲ್ಲಿ ಅದರ ಬಗ್ಗೆ ಬರೆದ ಟಿಪ್ಪಣಿಗಳು ಉಳಿದವು. ಈ ಯಂತ್ರ ತಾನಾಗಿ ಯಾವುದನ್ನೂ ಹುಟ್ಟಿಸುವುದಿಲ್ಲ, ಹೇಗೆ ಮಾಡಬೇಕೆಂದು ನಮಗೆ ತಿಳಿದದ್ದನ್ನು ಮಾತ್ರ ಮಾಡುತ್ತದೆ ಎಂಬುದು ಅವರ ಅಭಿಪ್ರಾಯವಾಗಿತ್ತು.

ಯಂತ್ರ ಹುಡುಕಿತು, ಗುರುಗಳು ಓದಿದರು

1946ರಲ್ಲಿ ಅಮೆರಿಕದಲ್ಲಿ ಎನಿಯಾಕ್ ಎಂಬ ಕಂಪ್ಯೂಟರನ್ನು ಜಗತ್ತಿಗೆ ತೋರಿಸಿದರು. ಸುಮಾರು 18,000 ನಿರ್ವಾತ ಕೊಳವೆಗಳು, 30 ಟನ್ ತೂಕ. ಒಂದು ದೊಡ್ಡ ಕೋಣೆಯನ್ನೇ ಅದು ತುಂಬಿಕೊಂಡಿತ್ತು. ಇಂದು ನಿಮ್ಮ ಮನೆಯಲ್ಲಿರುವ ಫೋನ್ ಅದಕ್ಕಿಂತ ಎಷ್ಟೋ ಪಟ್ಟು ವೇಗದ್ದು.

ಅದೇ ದಿನಗಳಲ್ಲಿ ಇಟಲಿಯ ಯೇಸುಸಭೆಯ ಗುರು ರೊಬೆರ್ತೋ ಬೂಸಾ ಅವರು ಸಂತ ಥಾಮಸ್ ಅಕ್ವಿನಾಸರ ಬರಹಗಳನ್ನು ಅಧ್ಯಯನ ಮಾಡುತ್ತಿದ್ದರು. ಸಾನ್ನಿಧ್ಯ ಎಂಬುದರ ಬಗ್ಗೆ ಸಂತರು ಏನು ಹೇಳಿದ್ದಾರೆ ಎಂದು ತಿಳಿಯಲು ಅವರು ಒಂದೊಂದು ಪದ ಎಲ್ಲೆಲ್ಲಿ ಬರುತ್ತದೆ ಎಂದು ಹುಡುಕಬೇಕಾಯಿತು. ಕೈಯಿಂದಲೇ ಹತ್ತು ಸಾವಿರ ಚೀಟಿ ಬರೆದರು. ಇದು ಮುಗಿಯುವ ಕೆಲಸವಲ್ಲ ಎಂದು ಕಂಡು 1949ರಲ್ಲಿ ನ್ಯೂಯಾರ್ಕಿಗೆ ಹೋಗಿ ಐಬಿಎಂ ಕಂಪನಿಯ ಮುಖ್ಯಸ್ಥ ಥಾಮಸ್ ವಾಟ್ಸನ್ ಅವರ ಸಹಾಯ ಕೇಳಿದರು. ಸಹಾಯ ಸಿಕ್ಕಿತು. ಸುಮಾರು ಮೂವತ್ತು ವರ್ಷ ಕೆಲಸ ನಡೆಯಿತು. ಇಟಲಿಯ ಗಲ್ಲರಾತೆ ಪಟ್ಟಣದಲ್ಲಿ ಯುವತಿಯರು ಕುಳಿತು ಲಕ್ಷಾಂತರ ರಟ್ಟುಗಳಿಗೆ ತೂತು ಹೊಡೆದರು. ಒಂದು ಕೋಟಿಗೂ ಹೆಚ್ಚು ಪದಗಳ ಪಟ್ಟಿ 56 ಸಂಪುಟಗಳಾಗಿ ಹೊರಬಂತು. ಕಂಪ್ಯೂಟರಿನಿಂದ ಪುಸ್ತಕಗಳನ್ನು ಓದುವ ವಿದ್ಯೆಗೆ ಇದನ್ನೇ ಮೊದಲ ಹೆಜ್ಜೆ ಎಂದು ವಿದ್ವಾಂಸರು ಇಂದಿಗೂ ನೆನೆಯುತ್ತಾರೆ. ಧರ್ಮಸಭೆಗೂ ಯಂತ್ರಕ್ಕೂ ಆಗಿಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಬೂಸಾ ಸ್ವಾಮಿಯವರ ಹೆಸರು ಹೇಳಿ. 1965ರಲ್ಲಿ ಅಮೆರಿಕದಲ್ಲಿ ಕಂಪ್ಯೂಟರ್ ವಿಜ್ಞಾನದ ಡಾಕ್ಟರೇಟ್ ಪಡೆದ ಮೊದಲಿಗರಲ್ಲಿ ಒಬ್ಬರಾದ ಸಿಸ್ಟರ್ ಮೇರಿ ಕೆನೆತ್ ಕೆಲ್ಲರ್ ಅವರ ಹೆಸರನ್ನೂ ಹೇಳಿ.

ಒಂದು ಪದ ಎಲ್ಲಿದೆ ಎಂದು ಯಂತ್ರ ಹೇಳಿತು. ಆ ಪದದಿಂದ ಸಂತರು ಏನು ಹೇಳಹೊರಟರು ಎಂದು ತಿಳಿಯಲು ಬೂಸಾ ಸ್ವಾಮಿಯವರು ಕುಳಿತು ಓದಲೇಬೇಕಾಯಿತು. ಮಣಿ ಎಣಿಸಿತು, ಪ್ರಾರ್ಥನೆ ಅವರದು.

ಶಕುಂತಲಾ ದೇವಿ ಮತ್ತು ಕ್ಯಾಲ್ಕುಲೇಟರ್

ಈಗ ನಮ್ಮ ಕನ್ನಡ ನೆಲದ ಒಬ್ಬರ ಕಥೆ. ಶಕುಂತಲಾ ದೇವಿ 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ತಂದೆ ಸರ್ಕಸ್ಸಿನಲ್ಲಿ ಕೆಲಸ ಮಾಡುತ್ತಿದ್ದರು. ಸರಿಯಾದ ಶಾಲಾ ಶಿಕ್ಷಣ ಸಿಗದ ಈ ಹುಡುಗಿ ಎಳೆಯ ವಯಸ್ಸಿನಲ್ಲೇ ದೊಡ್ಡ ದೊಡ್ಡ ಲೆಕ್ಕಗಳನ್ನು ಬಾಯಲ್ಲೇ ಮಾಡುತ್ತಿದ್ದಳು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡುಗಳಲ್ಲಿ ಸರಿ ಉತ್ತರ ಕೊಟ್ಟರು. ಗಿನ್ನೆಸ್ ಪುಸ್ತಕದಲ್ಲಿ ಹೆಸರು ಬಂತು. ಜನ ಅವರನ್ನು ಮಾನವ ಕಂಪ್ಯೂಟರ್ ಎಂದು ಕರೆದರು.

ಈಗ ಯೋಚಿಸಿ. ಅದೇ ಗುಣಾಕಾರವನ್ನು ಇವತ್ತು ಯಾವ ಫೋನಾದರೂ ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತದೆ. ಹಾಗಾದರೆ ಶಕುಂತಲಾ ದೇವಿಯವರ ಬೆಲೆ ಕಡಿಮೆಯಾಯಿತೇ? ಫೋನಿಗೆ ಅವರಿಗಿಂತ ಹೆಚ್ಚು ಗೌರವ ಕೊಡಬೇಕೇ? ‘ಇಲ್ಲ’ ಎಂದು ಯಾವ ಮಗುವಾದರೂ ಕೂಡಲೇ ಹೇಳುತ್ತದೆ. ಮಗು ಹೇಳುವುದು ಸರಿ. ಆದರೆ ನಾವು ದೊಡ್ಡವರು ಮಕ್ಕಳನ್ನು ಅಳೆಯುವಾಗ ಈ ಮಾತನ್ನು ಮರೆಯುತ್ತೇವೆ. ಬೇಗ ಲೆಕ್ಕ ಮಾಡುವವನು ಬುದ್ಧಿವಂತ, ನಿಧಾನಕ್ಕೆ ಮಾಡುವವನು ದಡ್ಡ ಎನ್ನುತ್ತೇವೆ. ಮನುಷ್ಯನ ಬೆಲೆ ಅವನ ಬುದ್ಧಿಯ ವೇಗದಲ್ಲಿದೆ ಎಂದಾದರೆ, ಮಾತು ಬಾರದ ಮಗುವಿಗೆ, ಮರೆವಿನ ಕಾಯಿಲೆಯಿಂದ ಮಗನ ಹೆಸರನ್ನೇ ಮರೆತ ಅಜ್ಜಿಗೆ, ಪರೀಕ್ಷೆಯಲ್ಲಿ ಸೋತ ಹುಡುಗನಿಗೆ ಯಂತ್ರದ ಕೆಳಗೆ ಜಾಗ ಕೊಡಬೇಕಾಗುತ್ತದೆ. ದೇವರು ಮನುಷ್ಯನನ್ನು ತಮ್ಮ ಸ್ವರೂಪದಲ್ಲಿ ಸೃಷ್ಟಿಸಿದರು ಎಂಬ ನಮ್ಮ ವಿಶ್ವಾಸ ಇಲ್ಲಿ ಸುಮ್ಮನೆ ಬಾಯಿಪಾಠ ಅಲ್ಲ. ಆ ಅಜ್ಜಿಗೆ ನಮ್ಮ ನಡುವೆ ಜಾಗ ಇರುವುದೇ ಅದರಿಂದ.

ಯಂತ್ರ ಯೋಚಿಸುತ್ತದೆಯೇ?

ಅಲನ್ ಟ್ಯೂರಿಂಗ್ ಎಂಬ ಗಣಿತಜ್ಞರು 1950ರಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡರು. ಯೋಚನೆ ಎಂದರೇನು ಎಂದು ವಾದಿಸುತ್ತಾ ಕೂರುವ ಬದಲು ಒಂದು ಆಟ ಆಡಿ ನೋಡೋಣ ಎಂದರು. ಮರೆಯಲ್ಲಿ ಒಬ್ಬ ಮನುಷ್ಯ, ಒಂದು ಯಂತ್ರ. ನೀವು ಬರೆದು ಪ್ರಶ್ನೆ ಕೇಳಬೇಕು, ಅವು ಬರೆದು ಉತ್ತರಿಸುತ್ತವೆ. ಯಾವುದು ಮನುಷ್ಯ ಎಂದು ನಿಮಗೆ ಗುರುತಿಸಲು ಆಗದಿದ್ದರೆ ಯಂತ್ರ ಯೋಚಿಸುತ್ತದೆ ಎನ್ನಲು ಏನು ಅಡ್ಡಿ ಎಂಬುದು ಅವರ ಪ್ರಶ್ನೆ. ಇದನ್ನು ನಕ್ಕು ತಳ್ಳಿಹಾಕುವಂತಿಲ್ಲ. ನೆರೆಮನೆಯವರಿಗೂ ಮನಸ್ಸಿದೆ ಎಂದು ನಮಗೆ ಗೊತ್ತಾಗುವುದು ಅವರ ಮಾತು ನಡೆಗಳಿಂದಲೇ ತಾನೇ?

ಇಂದಿನ ಮಾತನಾಡುವ ಯಂತ್ರಗಳು ಆ ಆಟದಲ್ಲಿ ಬಹಳ ಜಾಣ. ಅವು ಕೆಲಸ ಮಾಡುವ ರೀತಿಯನ್ನು ಒಂದು ಗಾದೆಯಿಂದ ತಿಳಿಯಬಹುದು. ‘ಕೈ ಕೆಸರಾದರೆ’ ಎಂದು ನಾನು ಹೇಳಿದರೆ ನೀವು ‘ಬಾಯಿ ಮೊಸರು’ ಎನ್ನುತ್ತೀರಿ. ಎಷ್ಟೋ ಸಾರಿ ಕೇಳಿರುವುದರಿಂದ ಮುಂದಿನ ಪದ ತಾನೇ ಬರುತ್ತದೆ. ಯಂತ್ರಕ್ಕೆ ಕೋಟ್ಯಂತರ ಪುಟಗಳನ್ನು ಉಣಿಸಿ, ಯಾವ ಮಾತಿನ ಹಿಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕಲು ಕಲಿಸುತ್ತಾರೆ. ಅದೂ ‘ಬಾಯಿ ಮೊಸರು’ ಎನ್ನುತ್ತದೆ. ಆದರೆ ಅದರ ಕೈ ಯಾವತ್ತೂ ಕೆಸರಾಗಿಲ್ಲ.

ಹಾಗೆ ಉಣಿಸಿದ ಪುಟಗಳಲ್ಲಿ ಇಂಗ್ಲಿಷ್ ಹೆಚ್ಚು, ಕನ್ನಡ ಕಡಿಮೆ. ತಾಳವಾಡಿ ಬೆಟ್ಟದ ಕನ್ನಡವಂತೂ ಬರಹದಲ್ಲಿ ಇರುವುದೇ ಅಪರೂಪ. ನಿಮ್ಮ ಅಜ್ಜಿ ಹಿಟ್ಟಿಗೆ, ಮಳೆಗೆ, ಹಸುವಿಗೆ ಬಳಸುವ ಎಷ್ಟೋ ಮಾತುಗಳನ್ನು ಆ ಯಂತ್ರ ಕೇಳಿಯೇ ಇಲ್ಲ. ಎಲ್ಲವನ್ನೂ ಬಲ್ಲದು ಎಂದು ನಾವು ಬೆರಗಾಗುವ ಯಂತ್ರಕ್ಕೆ ಗೊತ್ತಿಲ್ಲದ ಒಂದು ಲೋಕ ನಿಮ್ಮ ಅಡುಗೆಮನೆಯಲ್ಲೇ ಇದೆ.

ಯಂತ್ರದೊಳಗೆ ನಡೆಯುವುದನ್ನು ಯೋಚನೆ ಎನ್ನಬೇಕೇ ಬೇಡವೇ ಎಂಬ ವಾದ ಪಂಡಿತರಲ್ಲಿ ಇನ್ನೂ ನಡೆಯುತ್ತದೆ. ಅದು ನಡೆಯಲಿ. ನಮ್ಮ ಬದುಕಿಗೆ ತುರ್ತಾಗಿ ಬೇಕಾದ ಪ್ರಶ್ನೆ ಬೇರೆ. ಜವಾಬು ಎಂಬ ಮಾತಿನಿಂದಲೇ ಜವಾಬ್ದಾರಿ ಎಂಬ ಮಾತು ಬಂದಿದೆ. ಜವಾಬ್ದಾರ ಎಂದರೆ ಜವಾಬು ಹೇಳಬೇಕಾದವನು, ಕರೆದಾಗ ಎದ್ದು ನಿಂತು ‘ಹೌದು, ನಾನೇ ಮಾಡಿದೆ’ ಎನ್ನಬೇಕಾದವನು. ಯಂತ್ರ ಸಾವಿರ ಜವಾಬು ಕೊಡಬಲ್ಲದು. ಜವಾಬ್ದಾರಿ ಹೊರಬಲ್ಲದೇ?

ಒಂದು ರಾತ್ರಿಯ ಕಥೆ

1983ರ ಸೆಪ್ಟೆಂಬರ್ 26ರ ನಡುರಾತ್ರಿ ಮಾಸ್ಕೋ ಹತ್ತಿರದ ಒಂದು ನೆಲಮಾಳಿಗೆಯಲ್ಲಿ ಸ್ತನಿಸ್ಲಾವ್ ಪೆಟ್ರೋವ್ ಎಂಬ ಸೇನಾಧಿಕಾರಿ ಕಾವಲಿಗಿದ್ದರು. ಅಮೆರಿಕ ಕ್ಷಿಪಣಿ ಹಾರಿಸಿದೆ ಎಂದು ಕಂಪ್ಯೂಟರ್ ಎಚ್ಚರಿಕೆ ಕೊಟ್ಟಿತು. ಸ್ವಲ್ಪ ಹೊತ್ತಿನಲ್ಲೇ ಇನ್ನೂ ನಾಲ್ಕು ಎಂದಿತು. ಆ ಸುದ್ದಿಯನ್ನು ನಿಜವೆಂದು ಮೇಲಿನವರಿಗೆ ತಲುಪಿಸಿದ್ದರೆ ಪರಮಾಣು ಯುದ್ಧವೇ ಆರಂಭವಾಗಬಹುದಿತ್ತು. ನಿಜವಾಗಿ ದಾಳಿ ಮಾಡುವವರು ಐದೇ ಐದು ಕ್ಷಿಪಣಿಯಿಂದ ಶುರು ಮಾಡುತ್ತಾರೆಯೇ ಎಂದು ಪೆಟ್ರೋವ್ ಯೋಚಿಸಿದರು. ಇದು ಸುಳ್ಳು ಎಚ್ಚರಿಕೆ ಎಂದು ವರದಿ ಮಾಡಿದರು. ಅವರ ಮಾತೇ ಸರಿಯಾಗಿತ್ತು. ಎತ್ತರದ ಮೋಡಗಳ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಕ್ಷಿಪಣಿಯ ಬೆಂಕಿ ಎಂದು ತಿಳಿದಿತ್ತು. ಆ ಹೊತ್ತಿನಲ್ಲಿ ತಮಗೆ ಪೂರ್ತಿ ಖಾತ್ರಿ ಇರಲಿಲ್ಲ ಎಂದು ಅವರೇ ಮುಂದೆ ಹೇಳಿದರು.

ಯಂತ್ರಕ್ಕೆ ಅಂದು ಅಳುಕಿರಲಿಲ್ಲ. ತನ್ನ ಲೆಕ್ಕದಂತೆ ಅದು ಉತ್ತರ ಕೊಟ್ಟಿತು. ಅಳುಕು ಇದ್ದದ್ದು ಮನುಷ್ಯನಿಗೆ, ಏಕೆಂದರೆ ತಪ್ಪಾದರೆ ಏನಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ‘ಕಂಪ್ಯೂಟರ್ ಹೀಗೆ ಹೇಳಿತು’ ಎಂದು ಆ ಅಧಿಕಾರಿ ಅದರ ಹಿಂದೆ ಅಡಗಿಕೊಳ್ಳಬಹುದಿತ್ತು. ಅಡಗಲಿಲ್ಲ.

ನಮ್ಮ ಬೆಟ್ಟದಲ್ಲಿ

ಇಂಥ ದೊಡ್ಡ ರಾತ್ರಿಗಳು ನಮ್ಮ ಪಾಲಿಗೆ ಬರುವುದಿಲ್ಲ ಎನ್ನಬೇಡಿ. ಸತ್ಯಮಂಗಲ ಹುಲಿ ಸಂರಕ್ಷಿತ ಕಾಡಿನ ಮಗ್ಗುಲಲ್ಲಿ ಬದುಕುವ ನಮಗೆ ಕಾವಲು ಎಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಕಬ್ಬು, ಬಾಳೆ, ಜೋಳ ಬೆಳೆದವರು ಆನೆಗೆ ಅಂಜಿ ರಾತ್ರಿ ಹೊಲದಲ್ಲಿ ಎಚ್ಚರವಿರುತ್ತಾರೆ. ಕೊಯಮತ್ತೂರು ಹತ್ತಿರದ ಮದುಕ್ಕರೈನಲ್ಲಿ ರೈಲಿಗೆ ಸಿಕ್ಕಿ ಆನೆಗಳು ಸಾಯುವುದನ್ನು ತಪ್ಪಿಸಲು 2024ರಲ್ಲಿ ಕೃತಕ ಬುದ್ಧಿಮತ್ತೆಯ ಕ್ಯಾಮೆರಾಗಳನ್ನು ಹೂಡಿದರು. ಹಳಿಯ ಹತ್ತಿರ ಆನೆ ಬಂದರೆ ಅವು ಕತ್ತಲಲ್ಲೂ ಗುರುತಿಸಿ ಸುದ್ದಿ ಕಳಿಸುತ್ತವೆ. ಒಳ್ಳೆಯ ಕೆಲಸ. ಯಂತ್ರ ತೂಕಡಿಸುವುದಿಲ್ಲ, ಬೀಡಿ ಸೇದಲು ಎದ್ದು ಹೋಗುವುದಿಲ್ಲ. ಈ ವಿಷಯದಲ್ಲಿ ಅದು ನಮಗಿಂತ ಮೇಲು ಎಂದು ಒಪ್ಪಿಕೊಳ್ಳೋಣ. ಆದರೆ ಸುದ್ದಿ ಬಂದ ಮೇಲೆ ರೈಲಿನ ವೇಗ ಇಳಿಸಬೇಕಾದವನು ಮನುಷ್ಯ. ಇಳಿಸದಿದ್ದರೆ ಕ್ಯಾಮೆರಾವನ್ನು ಯಾರೂ ಕೇಳುವುದಿಲ್ಲ.

ಇನ್ನೊಂದು ಉದಾಹರಣೆ. ಜೀವನವೆಲ್ಲ ಕಲ್ಲು ಮಣ್ಣಿನಲ್ಲಿ ದುಡಿದು ಬೆರಳಿನ ಗೆರೆ ಸವೆದ ಹಿರಿಯರು ಪಡಿತರಕ್ಕೆ ಹೆಬ್ಬೆಟ್ಟು ಒತ್ತಿದಾಗ ಯಂತ್ರ ಅವರನ್ನು ಗುರುತಿಸದೆ ಹೋಗುವುದುಂಟು. ಆಗ ಎದುರಿಗೆ ಕುಳಿತವರು ಎರಡು ರೀತಿ ನಡೆದುಕೊಳ್ಳಬಹುದು. ‘ಮಿಷನ್ ಒಪ್ಪುತ್ತಿಲ್ಲ, ನಾನೇನು ಮಾಡಲಿ’ ಎಂದು ಕಳಿಸಿಬಿಡಬಹುದು. ಅಥವಾ ‘ಕೂತ್ಕೊಳ್ಳಿ ಅಜ್ಜ, ಬೇರೆ ದಾರಿ ಇದೆಯಾ ನೋಡೋಣ’ ಎನ್ನಬಹುದು. ಯಂತ್ರ ಎರಡು ಸಲವೂ ಒಂದೇ ಉತ್ತರ ಕೊಟ್ಟಿತು. ಅಜ್ಜ ಅಕ್ಕಿಯೊಂದಿಗೆ ಮನೆಗೆ ಹೋದರೇ, ಬರಿಗೈಯಲ್ಲಿ ಹೋದರೇ ಎಂಬುದು ಮನುಷ್ಯನ ಮೇಲೆ ನಿಂತಿತು.

ನಮ್ಮಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಕಾಗದ ತಮಿಳು. ಮಕ್ಕಳು ಫೋನ್ ಹಿಡಿದು ಆ ಕಾಗದವನ್ನು ಕನ್ನಡಕ್ಕೆ ತಿರುಗಿಸಿ ಹೆತ್ತವರಿಗೆ ಓದಿ ಹೇಳುತ್ತಾರೆ. ಇದು ದೊಡ್ಡ ಉಪಕಾರ. ಆದರೆ ಜಮೀನಿನ ಕಾಗದದಲ್ಲಿ, ಔಷಧಿಯ ಚೀಟಿಯಲ್ಲಿ ಒಂದು ಮಾತು ತಪ್ಪಿದರೂ ನಷ್ಟ ಅನುಭವಿಸುವವರು ಅಪ್ಪ ಅಮ್ಮ. ಓದಿ ಹೇಳಿದ ಮೇಲೆ ಆ ಮಾತು ನಿಮ್ಮದು ಮಕ್ಕಳೇ, ಫೋನಿನದಲ್ಲ. ಅನುಮಾನ ಬಂದರೆ ತಮಿಳು ಬಲ್ಲ ನೆರೆಯವರಿಗೆ ಒಮ್ಮೆ ತೋರಿಸಿ.

ಕಾಯಿನನಿಗೆ ಕೇಳಿದ ಪ್ರಶ್ನೆ

ಆದಿಕಾಂಡದಲ್ಲಿ ಕಾಯಿನನು ಹೇಬೆಲನನ್ನು ಕೊಂದ ಮೇಲೆ ದೇವರು ಅವನ ತಮ್ಮ ಎಲ್ಲಿ ಎಂದು ಕೇಳುತ್ತಾರೆ. ದೇವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಕೇಳಿದರು. ಉತ್ತರ ಕೊಡಬಲ್ಲವನು ಎಂದು ಕಾಯಿನನನ್ನು ಗೌರವಿಸಿದ್ದರಿಂದಲೇ ಕೇಳಿದರು. ಕಾಯಿನ ಜಾರಿಕೊಂಡ. ತಮ್ಮನನ್ನು ಕಾಯುವುದು ತನ್ನ ಕೆಲಸವೇ ಎಂದು ಮರುಪ್ರಶ್ನೆ ಹಾಕಿದ. ಇವತ್ತಾಗಿದ್ದರೆ ಯಂತ್ರದ ಕಡೆ ಬೊಟ್ಟು ಮಾಡುತ್ತಿದ್ದನೇನೋ.

ಧರ್ಮಸಭೆ ಈಚೆಗೆ ಈ ವಿಷಯದಲ್ಲಿ ಸ್ಪಷ್ಟವಾಗಿ ಮಾತನಾಡಿದೆ. 2024ರ ಜೂನ್ 14ರಂದು ವಿಶ್ವಗುರು ಫ್ರಾನ್ಸಿಸರು ಜಿ-7 ದೇಶಗಳ ನಾಯಕರ ಮುಂದೆ ಮಾತನಾಡುತ್ತಾ, ಒಬ್ಬ ಮನುಷ್ಯನ ಪ್ರಾಣ ತೆಗೆಯುವ ನಿರ್ಧಾರವನ್ನು ಯಾವ ಯಂತ್ರಕ್ಕೂ ಬಿಡಬಾರದು ಎಂದರು. 2025ರ ಜನವರಿಯಲ್ಲಿ ವ್ಯಾಟಿಕನ್ ಹೊರಡಿಸಿದ ‘ಆಂತಿಕ್ವಾ ಎತ್ ನೋವಾ’ ಎಂಬ ದಸ್ತಾವೇಜು, ಕೃತಕ ಬುದ್ಧಿಮತ್ತೆ ಮನುಷ್ಯನ ಬುದ್ಧಿಯಿಂದ ಹುಟ್ಟಿದ ವಸ್ತು, ಅದರ ಕೆಲಸಕ್ಕೆ ಹೊಣೆ ಮನುಷ್ಯನೇ ಎಂದು ಬೋಧಿಸುತ್ತದೆ. ಅದೇ ವರ್ಷದ ಮೇ ತಿಂಗಳಲ್ಲಿ ಆಯ್ಕೆಯಾದ ವಿಶ್ವಗುರು 14ನೇ ಲಿಯೋ ಅವರು ಆ ಹೆಸರನ್ನು ಆರಿಸಿಕೊಂಡದ್ದಕ್ಕೆ ಒಂದು ಕಾರಣ ಕೊಟ್ಟರು. ಕಾರ್ಖಾನೆಗಳ ಕಾಲದಲ್ಲಿ ಕಾರ್ಮಿಕರ ಪರವಾಗಿ 1891ರಲ್ಲಿ ವಿಶ್ವಪತ್ರ ಬರೆದವರು 13ನೇ ಲಿಯೋ. ಈಗ ಈ ಹೊಸ ಯಂತ್ರಗಳ ಕಾಲದಲ್ಲಿಯೂ ದುಡಿಯುವವರ ಘನತೆಯನ್ನು ಕಾಯಬೇಕಾಗಿದೆ ಎಂದರು.

ಈಗ ಮಕ್ಕಳ ಮೂರನೆಯ ಪ್ರಶ್ನೆ. ಯಂತ್ರ ತಪ್ಪು ಹೇಳಿದರೆ ಪಾಪ ಯಾರಿಗೆ? ಯಂತ್ರಕ್ಕಲ್ಲ. ಅದು ‘ಕ್ಷಮಿಸಿ’ ಎಂದು ತೆರೆಯ ಮೇಲೆ ಬರೆಯಬಹುದು. ಆದರೆ ಪಾಪನಿವೇದನೆಗೆ ಬೇಕಾದದ್ದು ಪಶ್ಚಾತ್ತಾಪ, ಮತ್ತೆ ಮಾಡುವುದಿಲ್ಲ ಎಂಬ ನಿರ್ಧಾರ, ಹಾನಿಯನ್ನು ಸರಿಪಡಿಸುವ ಮನಸ್ಸು. ಈ ಮೂರೂ ಅದಕ್ಕಿಲ್ಲ. ಹಾಗೆಂದು ತಪ್ಪು ಗಾಳಿಗೆ ಹೋಗುವುದಿಲ್ಲ. ಸುಳ್ಳು ಹೇಳಬಲ್ಲದು ಎಂದು ತಿಳಿದೂ ಎಚ್ಚರಿಸದೆ ಯಂತ್ರವನ್ನು ಮಾರಿದವರಿಗೆ ಅವರ ಪಾಲು ಇದೆ. ಅನುಮಾನವಿದ್ದರೂ ವಿಚಾರಿಸದೆ ಅದನ್ನು ಇನ್ನೊಬ್ಬರಿಗೆ ದಾಟಿಸಿದ ನಮಗೆ ನಮ್ಮ ಪಾಲು ಇದೆ. ತಿಳಿಯದೆ ನಂಬಿದ ಮಗುವಿಗೆ ಪಾಪವಿಲ್ಲ, ಆದರೆ ತಿಳಿದ ಮೇಲೆ ಸರಿಪಡಿಸುವ ಕರ್ತವ್ಯವಿದೆ.

ಮನೆಯಲ್ಲಿ ಮೂರು ಅಭ್ಯಾಸಗಳನ್ನು ಬೆಳೆಸಿಕೊಳ್ಳೋಣ. ಮನೆಪಾಠದ ಪ್ರಶ್ನೆಗೆ ಮೊದಲು ನಿಮ್ಮ ಸ್ವಂತ ಉತ್ತರ ಬರೆಯಿರಿ, ಆಮೇಲೆ ಬೇಕಾದರೆ ಫೋನನ್ನು ಕೇಳಿ ಹೋಲಿಸಿ ನೋಡಿ. ಯಾರದೋ ಹೆಸರು ಕೆಡಿಸುವ ಸುದ್ದಿ, ಚಿತ್ರ ಬಂದರೆ ‘ಇದಕ್ಕೆ ನಾನು ಜವಾಬು ಹೇಳಬಲ್ಲೆನೇ’ ಎಂದು ಕೇಳಿಕೊಳ್ಳದೆ ಮುಂದೆ ಕಳಿಸಬೇಡಿ. ವಾರಕ್ಕೊಮ್ಮೆ ಅಜ್ಜ ಅಜ್ಜಿಯ ಹತ್ತಿರ ಕುಳಿತು ಅವರಿಂದ ಒಂದು ಹಳೆಯ ಮಾತು ಕಲಿತು ಪುಸ್ತಕದಲ್ಲಿ ಬರೆದಿಡಿ. ಆ ಮಾತು ಯಂತ್ರಕ್ಕೆ ಗೊತ್ತಿಲ್ಲ. ಅದನ್ನು ಉಳಿಸುವ ಜವಾಬ್ದಾರಿ ನಿಮ್ಮದು.

ಒಳ್ಳೆಯ ಯಂತ್ರಗಳನ್ನು ಕಟ್ಟುವ ಬುದ್ಧಿಯನ್ನೂ, ಅವುಗಳ ಹಿಂದೆ ಅಡಗಿಕೊಳ್ಳದ ಧೈರ್ಯವನ್ನೂ ದೇವರು ನಮ್ಮ ಮಕ್ಕಳಿಗೆ ದಯಪಾಲಿಸಲಿ.